ಮುಂಡಗೋಡದ ನೀಲಿ ಪರದೆಯ ಹೋಟೆಲ್

ಈ ಹೋಟೆಲಿಗೆ ಬೋರ್ಡ್ ಇಲ್ಲ. ಹಾಗಾಗಿ ಹೆಸರು ಹೇಳಿ ಕಳಿಸುವ ಹಾಗಿಲ್ಲ, ಗುರುತು ಹೇಳುತ್ತೇನೆ. ಮುಂಡಗೋಡ ಪೇಟೆಯಿಂದ ಟಿಬೆಟನ್ ಕ್ಯಾಂಪಿಗೆ, ಅಂದರೆ ಟಿಬೆಟಿನ ನಿರಾಶ್ರಿತರ ಊರಿಗೆ ಹೋಗಿ. ದೊಡ್ಡ ಗೊಂಪಾಗಳು, ಅಂದರೆ ಬೌದ್ಧ ವಿಹಾರಗಳು ಇರುವ ಲಾಮಾ ಕ್ಯಾಂಪಿನ ಅಂಗಡಿ ಸಾಲಿನಲ್ಲಿ ನಡೆಯುತ್ತಾ ಬಂದರೆ ಒಂದು ಬಾಗಿಲಿಗೆ ದಪ್ಪ ನೀಲಿ ಬಟ್ಟೆಯ ಪರದೆ ಕಾಣುತ್ತದೆ. ಪರದೆಯ ನಡುವೆ ಬಿಳಿ ಬಟ್ಟೆ ಕತ್ತರಿಸಿ ಹೊಲಿದ ಒಂದು ಗಂಟಿನ ಚಿತ್ರ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೊತ್ತಾಗುವುದಿಲ್ಲ. ನಮ್ಮ ಚುಕ್ಕಿ ರಂಗೋಲಿಯಲ್ಲಿ ಎಳೆ ಸುತ್ತಿ ಸುತ್ತಿ ಮತ್ತೆ ಹೊರಟಲ್ಲಿಗೇ ಬರುತ್ತದಲ್ಲ, ಹಾಗೆ. ಆ ಪರದೆ ಸರಿಸಿ ಒಳಗೆ ಹೋಗಿ. ಐದು ಮೇಜು, ಒಂದು ದೊಡ್ಡ ಒಲೆ, ಅಡುಗೆಗೂ ಬಡಿಸುವುದಕ್ಕೂ ಒಬ್ಬರೇ ಅಮ್ಮ.

ನಾವು ಶಿರಸಿ ಹತ್ತಿರದ ಹಳ್ಳಿಯವರು. ಅಡಿಕೆ ತೋಟ, ಕೊಟ್ಟಿಗೆ, ನಾಲ್ಕು ಜನ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಕಮ್ಮನಹಳ್ಳಿಯಲ್ಲಿ ರೂಮು. ಅಲ್ಲಿಗೆ ಹೋದ ಮೇಲೆ ಅವಳಿಗೊಂದು ಹವ್ಯಾಸ ಹತ್ತಿದೆ. ಭಾನುವಾರ ಬಂತು ಅಂದರೆ ಬೇರೆ ದೇಶದ ಹಾಗೆ ಇರುವ ಜಾಗ ಹುಡುಕಿಕೊಂಡು ಹೋಗುವುದು. ರಾತ್ರಿ ಫೋನ್ ಮಾಡಿ, "ಆಯಿ, ಇವತ್ತು ಕೊರಿಯಾಕ್ಕೆ ಹೋಗಿದ್ದಿ" ಅನ್ನುತ್ತಾಳೆ. ಮತ್ತೊಂದು ವಾರ ಜಪಾನ್. ಇನ್ನೊಂದು ವಾರ ಆಫ್ರಿಕಾದ ವಿದ್ಯಾರ್ಥಿಗಳು ಹೋಗುವ ಯಾವುದೋ ಅಂಗಡಿ. ನನಗೆ ಅವಳ ಈ ತಿರುಗಾಟ ಇಷ್ಟ. ನಾನು ಪಾಸ್‌ಪೋರ್ಟ್ ಮಾಡಿಸಿದವಳಲ್ಲ. ಆದರೆ ಬೇರೆ ಊರಿನವರು ಏನು ತಿನ್ನುತ್ತಾರೆ, ಹೇಗೆ ಒಗ್ಗರಣೆ ಹಾಕುತ್ತಾರೆ ಅಂತ ತಿಳಿಯುವ ಆಸೆ ಚಿಕ್ಕಂದಿನಿಂದಲೂ ಇದೆ.

ಹೋದ ವರ್ಷ ಅವಳ ಜೊತೆ ಹತ್ತು ದಿನ ಇದ್ದೆ. ಆಗ ಎರಡು ಜಾಗ ತೋರಿಸಿದಳು. ಒಂದು ಹೊಸ ಕೊರಿಯನ್ ರೆಸ್ಟೋರೆಂಟು. ಹೆಸರು ಬೇಡ. ಗೋಡೆ ತುಂಬ ಕಾಗದದ ದೀಪ, ನೆಲದ ಮೇಲೆ ಮೆತ್ತೆ, ಕೊರಿಯಾದ ಹಾಡು. ಫೋಟೋ ತೆಗೆಯಲು ಒಂದು ಮೂಲೆಯನ್ನೇ ಬಿಟ್ಟಿದ್ದರು. ಊಟ ಬಂತು. ಎಲ್ಲದಕ್ಕೂ ಒಂದೇ ಸಿಹಿ ಖಾರದ ಸಾಸ್. ಸುತ್ತ ನೋಡಿದೆ. ಎಲ್ಲಾ ಮೇಜಿನಲ್ಲೂ ನಮ್ಮಂತೆ ನೋಡಲು ಬಂದವರೇ. ಕೊರಿಯಾದ ಒಬ್ಬರೂ ಇಲ್ಲ. ಇನ್ನೊಂದು ಜಾಗ ರಿಚ್ಮಂಡ್ ಟೌನಿನ ಜಾನ್ಸನ್ ಮಾರ್ಕೆಟ್. ಅದು ಹಳೇ ಮಾಂಸದ, ತರಕಾರಿಯ ಮಾರುಕಟ್ಟೆ. ಅಲಂಕಾರ ಏನೂ ಇಲ್ಲ. ಪರ್ಷಿಯಾದ ಶಿರಾಜಿನಿಂದ ಕುದುರೆ ತಂದು ಮಾರುತ್ತಿದ್ದ ಆಗಾ ಅಲಿ ಅಸ್ಕರ್ ಅವರ ಕುದುರೆ ಲಾಯ ಅಲ್ಲಿತ್ತಂತೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಈ ಅಸ್ಕರ್ ಅವರ ಮೊಮ್ಮಗ. ಅಲ್ಲಿ ನಿಂತು ಸಣ್ಣ ಲೋಟದಲ್ಲಿ ಗಟ್ಟಿ ಚಾ ಕುಡಿದೆವು. ಗೋಡೆಯ ಮೇಲೆ ಪರ್ಷಿಯಾದ ಚಿತ್ರ ಒಂದೂ ಇರಲಿಲ್ಲ. ಆದರೂ ದೂರದಿಂದ ಬಂದವರು ಇಲ್ಲಿ ಬದುಕಿದ್ದರು ಅನ್ನುವುದು ಮನಸ್ಸಿಗೆ ಬಂತು.

ಅವತ್ತೇ ನಾನು ಮಗಳಿಗೆ ಹೇಳಿದೆ. "ಇಂಥದ್ದು ನೋಡಲು ಬೆಂಗಳೂರೇ ಆಗಬೇಕು ಅಂತಿಲ್ಲ. ಯುಗಾದಿಗೆ ಬಾ. ನಮ್ಮ ಜಿಲ್ಲೆಯಲ್ಲೇ ಟಿಬೆಟ್ ಇದೆ, ಕರೆದುಕೊಂಡು ಹೋಗ್ತೇನೆ."

ಶಿರಸಿಯವರಿಗೆ ಟಿಬೆಟಿನವರು ಹೊಸಬರಲ್ಲ. ಚಳಿಗಾಲ ಬಂತು ಅಂದರೆ ಪೇಟೆಯಲ್ಲಿ ಸ್ವೆಟರ್ ಅಂಗಡಿ ಹಾಕಿಕೊಂಡು ಕೂರುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯ ಕೊಡಿಸಿದ ಮೆರೂನ್ ಬಣ್ಣದ ಸ್ವೆಟರು ಅವರಿಂದಲೇ ತಂದದ್ದು. ಅಪ್ಪಯ್ಯ ಎಷ್ಟು ಚೌಕಾಸಿ ಮಾಡಿದರೂ ಆ ಹೆಂಗಸು ನಗುತ್ತಾ ತಲೆ ಅಲ್ಲಾಡಿಸಿದ್ದು ಈಗಲೂ ನೆನಪಿದೆ. ಆ ಸ್ವೆಟರು ನನ್ನ ತಮ್ಮನಿಗೂ ಆಯಿತು, ಅವನ ನಂತರ ಚಿಕ್ಕಪ್ಪನ ಮಗನಿಗೂ ಆಯಿತು. ಆ ಹೆಂಗಸರು ಎಲ್ಲಿಂದ ಬರುತ್ತಾರೆ, ಸಂಜೆ ಎಲ್ಲಿಗೆ ಹೋಗುತ್ತಾರೆ ಅಂತ ಆಗ ಯೋಚಿಸಿರಲಿಲ್ಲ. 50 ಕಿಲೋಮೀಟರ್ ಆಚೆ ಅವರ ಇಡೀ ಊರೇ ಇದೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮಗಳು ಯುಗಾದಿಗೆ ಬಂದಳು. ಹಬ್ಬದ ಮಾರನೇ ದಿನ ಹೊರಟೆವು. ಮಾವನಿಗೆ 76 ವರ್ಷ, ಬರುತ್ತಾರೋ ಇಲ್ಲವೋ ಅಂತ ಅನುಮಾನ ಇತ್ತು. ಅವರು ಎಲ್ಲರಿಗಿಂತ ಮೊದಲು ಪಂಚೆ ಉಟ್ಟು ಜಗುಲಿಯಲ್ಲಿ ಕೂತಿದ್ದರು. "ನಡಿ ಹೋಪನ, ಬಿಸಿಲಾಗ್ತು" ಅಂದರು. ಮಳಗಿ ದಾಟಿದ ಮೇಲೆ ಮಲೆನಾಡು ಮೆಲ್ಲಗೆ ಬಯಲಾಗುತ್ತದೆ. ಅಡಿಕೆ ಹೋಗಿ ಭತ್ತದ ಗದ್ದೆ, ಜೋಳದ ಹೊಲ ಬರುತ್ತದೆ. ಮಾತು ಕೂಡ ಬದಲಾಗುತ್ತದೆ. ಮುಂಡಗೋಡಕ್ಕೆ ಬಂದರೆ "ಎಂತಾ" ಹೋಗಿ "ಏನ್ರೀ" ಬಂದಿರುತ್ತದೆ.

ದಾರಿಯಲ್ಲಿ ಮಾವ ಹೇಳಿದ ಒಂದು ಸಂಗತಿ ಬರೆಯಲೇಬೇಕು. ಈ ಕ್ಯಾಂಪು ಶುರುವಾದದ್ದು 1966ರಲ್ಲಿ. ಮಾವ ಆಗ ಹದಿನೇಳು ಹದಿನೆಂಟರ ಹುಡುಗ. ಅದಾಗಿ ಒಂದೆರಡು ವರ್ಷಕ್ಕೆ ಯಾವುದೋ ಎತ್ತಿನ ವ್ಯಾಪಾರಕ್ಕೆ ಅವರ ಅಪ್ಪನ ಜೊತೆ ಮುಂಡಗೋಡಕ್ಕೆ ಹೋಗಿದ್ದರಂತೆ. ಕಾಡು ಕಡಿದ ಜಾಗದಲ್ಲಿ ಬಿಳಿ ಡೇರೆಗಳ ಸಾಲು ನೋಡಿದ್ದರಂತೆ. ಪೇಟೆಯಲ್ಲಿ ಉದ್ದ ಉಣ್ಣೆ ಅಂಗಿಯ ಮುದುಕನೊಬ್ಬ ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸುತ್ತಾ ನಿಂತಿದ್ದನಂತೆ. "ಅವಂಗೆ ಆ ಅಂಗಿ ಬಿಟ್ರೆ ಬೇರೆ ಇರ್ಲೆ ಕಾಣ್ತು" ಅಂದರು ಮಾವ. ಅಷ್ಟು ಹೇಳಿ ಸುಮ್ಮನಾದರು. ಲಾಸಾ ಇರುವುದು ಸಮುದ್ರ ಮಟ್ಟದಿಂದ 3,600 ಮೀಟರಿಗಿಂತ ಎತ್ತರದಲ್ಲಿ. ಅಲ್ಲಿನ ಚಳಿಗೆ ಹೊಲಿಸಿದ ಅಂಗಿ ಅದು.

ಕ್ಯಾಂಪಿಗೆ ಅವರು ಇಟ್ಟ ಹೆಸರು ದೋಗುಲಿಂಗ್. ಬೈಲುಕುಪ್ಪೆಯ ಹಾಗೆ ಇಲ್ಲಿ ಟೂರಿಸ್ಟ್ ಬಸ್ಸುಗಳ ಸಾಲಿಲ್ಲ. ನಂಬರ್ ಹಾಕಿದ ಹಳ್ಳಿಗಳು, ಮಧ್ಯೆ ಹೊಲಗಳು. ಲಾಮಾ ಕ್ಯಾಂಪುಗಳಲ್ಲಿ ಗಾಂದೆನ್ ಮತ್ತು ದ್ರೆಪುಂಗ್ ಅನ್ನುವ ಎರಡು ಮಹಾ ವಿಹಾರಗಳು. ಮೂಲ ಗಾಂದೆನ್ ಟಿಬೆಟಿನಲ್ಲಿ ಶುರುವಾದದ್ದು 1409ರಲ್ಲಿ, ದ್ರೆಪುಂಗ್ 1416ರಲ್ಲಿ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಸಾವಿರಾರು ಸನ್ಯಾಸಿಗಳೂ ಹಿಮಾಲಯ ದಾಟಿ ಬಂದರು. ಬಂಗಾಳದ ಬಕ್ಸಾದಲ್ಲಿ ಬ್ರಿಟಿಷರ ಕಾಲದ ಜೈಲಾಗಿದ್ದ ಒಂದು ಕೋಟೆಯಲ್ಲಿ ಅವರನ್ನು ಇಟ್ಟಿದ್ದರು. ಅಲ್ಲಿನ ಸೆಕೆಗೆ, ಕ್ಷಯಕ್ಕೆ ಎಷ್ಟೋ ಜನ ಸತ್ತರು. ಸುಮಾರು ಹತ್ತು ವರ್ಷದ ಮೇಲೆ ಉಳಿದವರು ಈ ಕಡೆ ಬಂದು ಕಾಡು ಕಡಿದು ಗೋವಿನಜೋಳ ಬಿತ್ತಿದರು, ಪಾಠವನ್ನೂ ಬಿಡಲಿಲ್ಲ. ಈಗ ಕಾಣುವ ಬಂಗಾರದ ಬಣ್ಣದ ಮಾಡು, ದೊಡ್ಡ ಸಭಾಭವನ ಎಲ್ಲ ಆಮೇಲೆ ಬಂದದ್ದು.

ನಾವು ಹೋದಾಗ ಒಂದು ಅಂಗಳದಲ್ಲಿ ವಾದ ನಡೆದಿತ್ತು. ಇದನ್ನು ತಪ್ಪಿಸಬೇಡಿ. ಒಬ್ಬ ಸನ್ಯಾಸಿ ನೆಲದ ಮೇಲೆ ಕೂತಿರುತ್ತಾನೆ. ಇನ್ನೊಬ್ಬ ಎದುರಿಗೆ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ಬಲಗೈ ಎತ್ತಿ ಎಡಗೈ ಮೇಲೆ ಪಟ್ ಅಂತ ಬಡಿದು, ಎಡಗಾಲಿನಿಂದ ನೆಲ ಒದ್ದು, ಮುಂದೆ ಬಾಗುತ್ತಾನೆ. ಹೀಗೆ ಐವತ್ತು ಅರವತ್ತು ಜೋಡಿ. ಇಡೀ ಅಂಗಳದಲ್ಲಿ ಚಪ್ಪಾಳೆ ಸಿಡಿಯುತ್ತಾ ಇರುತ್ತದೆ. ನಮಗೆ ಜಗಳವೇ ಅನ್ನಿಸಿತು. ಮಾವ ಮಾತ್ರ ಕಟ್ಟೆ ಮೇಲೆ ಕೂತು ಗಮನವಿಟ್ಟು ನೋಡಿದರು. ಮಳೆಗಾಲದಲ್ಲಿ ಊರಲ್ಲಿ ತಾಳಮದ್ದಳೆ ಇದ್ದರೆ ಬೆಳಗಿನವರೆಗೂ ಏಳದೆ ಕೂರುವವರು ಅವರು. ಸ್ವಲ್ಪ ಹೊತ್ತಿಗೆ ಹೇಳಿದರು, "ಇವು ಅರ್ಥ ಹೇಳ್ತಾ ಇದ್ದ. ಆ ಕೂತವ ಸಿಕ್ಕಿಬಿದ್ದ ನೋಡು." ನಿಜ, ಕೂತಿದ್ದ ಹುಡುಗ ಉತ್ತರ ತೋಚದೆ ತಲೆ ಕೆರೆದುಕೊಳ್ಳುತ್ತಿದ್ದ. ನಿಂತವನು ನಗುತ್ತಿದ್ದ. ಭಾಷೆ ಒಂದಕ್ಷರ ಗೊತ್ತಿಲ್ಲದೆ ಮಾವನಿಗೆ ವಾದದ ಗತಿ ಸಿಕ್ಕಿತ್ತು. ಪಕ್ಕದಲ್ಲಿದ್ದ ಒಬ್ಬ ಸಣ್ಣ ಸನ್ಯಾಸಿ ಹಿಂದಿಯಲ್ಲಿ ವಿವರಿಸಿದ. ಬಲಗೈ ಅಂದರೆ ಕರುಣೆ, ಎಡಗೈ ಅಂದರೆ ಅರಿವು, ಎರಡೂ ಕೂಡಬೇಕು ಅಂತ ಆ ಚಪ್ಪಾಳೆ.

ಆಮೇಲೆ ಊಟ. ಹನ್ನೆರಡೂವರೆ ಆಗಿತ್ತು.

ಒಳಗೆ ಹೋದ ಕೂಡಲೇ ನಾನು ಮೇಜುಗಳನ್ನು ನೋಡಿದೆ. ಕೊರಿಯನ್ ರೆಸ್ಟೋರೆಂಟಿನ ನಂತರ ಇದು ನನಗೆ ಅಭ್ಯಾಸ ಆಗಿದೆ. ಒಂದು ಮೇಜಿನಲ್ಲಿ ಇಬ್ಬರು ಅಜ್ಜಿಯರು, ಕೈಯಲ್ಲಿ ಜಪಮಣಿ, ಎದುರಿಗೆ ಒಂದೇ ಫ್ಲಾಸ್ಕು. ಇನ್ನೊಂದರಲ್ಲಿ ಮೂವರು ಸನ್ಯಾಸಿಗಳು ಮೊಬೈಲಿನಲ್ಲಿ ಏನನ್ನೋ ತೋರಿಸಿಕೊಂಡು ನಗುತ್ತಿದ್ದರು. ಕೊನೆಯ ಮೇಜಿನಲ್ಲಿ ಏಳೆಂಟು ವರ್ಷದ ಒಬ್ಬ ಹುಡುಗಿ ನೋಟ್‌ಬುಕ್ ಹರಡಿಕೊಂಡು ಬರೆಯುತ್ತಿದ್ದಳು. ಅಮ್ಮನ ಮೊಮ್ಮಗಳು. ಬಗ್ಗಿ ನೋಡಿದೆ. ಒಂದು ಪುಟ ಟಿಬೆಟನ್ ಅಕ್ಷರ, ಪಕ್ಕದ ಪುಟದಲ್ಲಿ ಇಂಗ್ಲಿಷು. ಇಲ್ಲಿ ಊಟ ಚೆನ್ನಾಗಿರುತ್ತದೆ ಅಂತ ನನಗೆ ಅಲ್ಲೇ ಖಾತ್ರಿ ಆಯಿತು.

ಮಗಳು ಅವರ ಭಾಷೆಯಲ್ಲಿ ನಮಸ್ಕಾರ ಅನ್ನುವ ಹಾಗೆ "ತಾಶಿ ದೆಲೆ" ಅಂದಳು. ಅಮ್ಮ ಅದೇ ಮಾತು ವಾಪಸ್ ಹೇಳಿ, ಕೂಡಲೇ ಮುಂಡಗೋಡದ ಕನ್ನಡಕ್ಕೆ ಬಂದರು. "ಕುಂದರ್ರಿ, ಅಜ್ಜಾರನ್ನ ಫ್ಯಾನ್ ಕೆಳಗ ಕುಂದರಸ್ರಿ."

ನಾವು ಸಸ್ಯಾಹಾರಿಗಳು. ಮಾವ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಇದು ಹೇಳಿದ ಮೇಲೆ ಅಮ್ಮ ನಡೆದುಕೊಂಡ ರೀತಿಗೇ ನಾನು ಈ ಹೋಟೆಲಿಗೆ ಅರ್ಧ ಅಂಕ ಕೊಡುತ್ತೇನೆ. ಗೋಡೆ ಮೇಲಿನ ಚೀಟಿಯಲ್ಲಿ ತುಕ್ಪಾ ಅಂತ ಇತ್ತು, ಅಂದರೆ ನೂಡಲ್ಸ್ ಹಾಕಿದ ಸಾರು. ಮಗಳು ಅದನ್ನೇ ತರಕಾರಿ ಹಾಕಿ ಕೊಡಿ ಅಂದಳು. ಅಮ್ಮ ಬೇಡ ಅಂದರು. "ಅದ್ರಾಗ ಎಲುಬಿನ ಸಾರು ಐತ್ರಿ. ಮ್ಯಾಲೆ ತರಕಾರಿ ಹಾಕಿ ಕೊಟ್ರ ಅದು ವೆಜ್ ಆಗಂಗಿಲ್ಲ. ನಾ ಬ್ಯಾರೆ ಪಾತ್ರ್ಯಾಗ ತೆಂತುಕ್ ಮಾಡಿ ಕೊಡ್ತೀನಿ, ಸ್ವಲ್ಪ ತಡ ಆಕ್ಕತಿ." ದೊಡ್ಡ ಊರಿನ ಎಷ್ಟು ಹೋಟೆಲಿನಲ್ಲಿ ಈ ಮಾತು ಹೇಳುತ್ತಾರೆ? ಸಾರು ಯಾವುದರದ್ದು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹೇಳದೆ ಇದ್ದರೂ ನಡೆಯುತ್ತಿತ್ತು. ಅವರು ಹೇಳಿದರು. ನಮ್ಮ ಕಡೆಯಿಂದ ಹೋಗುವವರೆಲ್ಲ ತುಕ್ಪಾ ತೆಗೆದುಕೊಳ್ಳುವ ಮೊದಲು ಸಾರಿನ ಬಗ್ಗೆ ಕೇಳಿಕೊಳ್ಳಿ.

ಒಲೆ ಊಟದ ಜಾಗಕ್ಕೇ ಎದುರಾಗಿದೆ. ಎದ್ದು ಹೋಗಿ ಪಕ್ಕದಲ್ಲಿ ನಿಂತೆ, ಅವರು ಬೇಡ ಅನ್ನಲಿಲ್ಲ. ತೆಂತುಕ್ ಅಂದರೆ ಎಳೆದು ಹಾಕುವ ಹಿಟ್ಟಿನ ಸಾರು. ಮೈದಾ ಹಿಟ್ಟನ್ನು ನಾದಿ, ಎಣ್ಣೆ ಸವರಿ ಮುಚ್ಚಿಟ್ಟಿದ್ದರು. ಅದರಿಂದ ಒಂದು ಉಂಡೆ ತೆಗೆದು ಹಗ್ಗದ ಹಾಗೆ ಹೊಸೆದರು. ಹಗ್ಗವನ್ನು ಅಂಗೈಯಿಂದ ಒತ್ತಿ ಪಟ್ಟಿ ಮಾಡಿದರು. ಆ ಪಟ್ಟಿಯನ್ನು ಎಡಗೈಯ ಮಣಿಕಟ್ಟಿನ ಮೇಲೆ ಬಟ್ಟೆ ಒಣ ಹಾಕಿದ ಹಾಗೆ ಇಳಿಬಿಟ್ಟರು. ಆಮೇಲೆ ನೋಡಬೇಕು. ಎಡಗೈ ಬೆರಳು ಪಟ್ಟಿಯನ್ನು ಮುಂದೆ ತಳ್ಳುತ್ತದೆ, ಬಲಗೈ ಹೆಬ್ಬೆರಳು ತೋರುಬೆರಳು ತುದಿಯನ್ನು ಚಿವುಟಿ ಎಳೆದು ಕುದಿಯುವ ಪಾತ್ರೆಗೆ ಎಸೆಯುತ್ತದೆ. ಚಿವುಟು, ಎಸೆ, ಚಿವುಟು, ಎಸೆ. ಒಂದೊಂದು ಚೂರೂ ಹೆಬ್ಬೆರಳಿನ ಅಗಲ. ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ಅವರು ಪಾತ್ರೆ ಕಡೆ ನೋಡುತ್ತಲೇ ಇರಲಿಲ್ಲ. ಮೊಮ್ಮಗಳ ಕಾಗುಣಿತ ನೋಡಿ ಏನೋ ತಿದ್ದುತ್ತಿದ್ದರು. ಒಂದು ಚೂರೂ ಹೊರಗೆ ಬೀಳಲಿಲ್ಲ. ನಾನೂ ಒಂದು ಪಟ್ಟಿ ಕೇಳಿ ಪ್ರಯತ್ನ ಮಾಡಿದೆ. ನನ್ನ ಚೂರುಗಳು ಬೇಯಲು ಜಾಸ್ತಿ ಹೊತ್ತು ಬೇಕಾಯಿತು. ಅಷ್ಟು ತೆಳ್ಳಗೆ ಎಳೆಯಲು ವರ್ಷಗಟ್ಟಲೆ ಅಭ್ಯಾಸ ಬೇಕು.

ಸಾರಿಗೆ ಟೊಮೆಟೊ, ಮೂಲಂಗಿ, ಬಟಾಟೆ, ಶುಂಠಿ. ಕೊನೆಗೆ ಪಾಲಕ್ ಸೊಪ್ಪು. ಮಸಾಲೆ ಅಂತ ಏನೂ ಇಲ್ಲ. ಮೊದಲ ಚಮಚಕ್ಕೆ ಸಪ್ಪೆ ಅನ್ನಿಸುತ್ತದೆ. ನಾಲ್ಕನೇ ಚಮಚಕ್ಕೆ ಮೂಲಂಗಿಯ ಸಿಹಿ ಗೊತ್ತಾಗುತ್ತದೆ. ನಮ್ಮ ನಾಲಿಗೆಗೆ ಒಗ್ಗರಣೆಯ ಗದ್ದಲ ಅಭ್ಯಾಸ ಆಗಿದೆ, ಅದಿಲ್ಲದೆ ತರಕಾರಿಯ ರುಚಿ ಹೀಗಿರುತ್ತದೆ ಅಂತ ಇಲ್ಲಿ ತಿಳಿಯಿತು. ಖಾರ ಬೇಕಾದವರಿಗೆ ಮೇಜಿನ ಮೇಲೆ ಸೆಪೆನ್ ಅನ್ನುವ ಕೆಂಪು ಚಟ್ನಿ ಇರುತ್ತದೆ. ಜೋಪಾನ, ಅರ್ಧ ಚಮಚ ಸಾಕು. ಅದರಲ್ಲಿ ಬೆಳ್ಳುಳ್ಳಿ ಇದೆ.

ಟಿಂಗ್ಮೋ ಬಗ್ಗೆ ನನಗೆ ತುಂಬ ಹೇಳಬೇಕು ಅನ್ನಿಸುತ್ತದೆ. ಇದು ಹಬೆಯಲ್ಲಿ ಬೇಯಿಸಿದ ರೊಟ್ಟಿ. ಹುದುಗು ಬರಿಸಿದ ಹಿಟ್ಟನ್ನು ಲಟ್ಟಿಸಿ, ಎಣ್ಣೆ ಸವರಿ, ಸುರುಳಿ ಮಾಡಿ, ಕತ್ತರಿಸಿ, ತಿರುಚಿ, ಹೂವಿನ ಹಾಗೆ ಮಾಡುತ್ತಾರೆ. ಬೆಂದ ಮೇಲೆ ಪದರ ಪದರ ಬಿಡುತ್ತದೆ. ನಾವು ಕಡುಬು ತಿಂದವರು, ಇಡ್ಲಿ ತಿಂದವರು, ಹಬೆಯ ತಿಂಡಿ ನಮಗೆ ಹೊಸದಲ್ಲ. ಆದರೆ ಇಷ್ಟು ಹಗುರ ನಾನು ನೋಡಿರಲಿಲ್ಲ. ಕೈಯಲ್ಲಿ ಹಿಡಿದರೆ ಬೆಚ್ಚಗಿನ ಹತ್ತಿಯ ಉಂಡೆ. ಮಾವ ಒಂದು ತಿಂದು, ಇನ್ನೊಂದು ತಿಂದು, ಮೂರನೆಯದನ್ನು ಸಾರಿನಲ್ಲಿ ಅದ್ದಿ ತಿಂದರು. "ಚೊಲೋ ಇದ್ದು" ಅಂದರು. ಅವರು ಮನೆಯಲ್ಲಿ ನನ್ನ ಅಡುಗೆಗೆ ವರ್ಷಕ್ಕೆ ಎರಡು ಸಲ ಹೇಳುವ ಮಾತು ಅದು.

ಲಾಫಿಂಗ್ ಅನ್ನುವುದು ಮಗಳ ಪಾಲಿಗೆ. ಹೆಸರುಕಾಳಿನ ಗಂಜಿಯಿಂದ ಮಾಡಿದ ತೆಳ್ಳಗಿನ ಹಾಳೆ, ಒಳಗೆ ಖಾರದ ಎಣ್ಣೆ, ಬೆಳ್ಳುಳ್ಳಿ ನೀರು, ಸುರುಳಿ ಸುತ್ತಿ ತುಂಡು ಮಾಡಿ ಕೊಡುತ್ತಾರೆ. ಹಾಳೆ ನಮ್ಮ ಹಾಲುಬಾಯಿಯ ಹಾಗೆ ನುಣ್ಣಗೆ ಜಾರುತ್ತದೆ. ಸಿಹಿಯ ಬದಲು ಖಾರ, ತಣ್ಣಗೆ. ಬೇಸಿಗೆಗೆ ಒಳ್ಳೆಯದು. ಮೊಮೊ ಎಲ್ಲರಿಗೂ ಗೊತ್ತು, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲೆಕೋಸಿನ ಮೊಮೊ ಚೆನ್ನಾಗಿತ್ತು, ಸಿಪ್ಪೆ ಸ್ವಲ್ಪ ದಪ್ಪ.

ಇನ್ನು ಬೆಣ್ಣೆ ಚಾ. ಇದನ್ನು ಕುಡಿಯದೆ ಬರಬೇಡಿ. ಆದರೆ ಚಾ ಅಂತ ತಿಳಿದು ಕುಡಿಯಬೇಡಿ. ಇಟ್ಟಿಗೆಯ ಹಾಗೆ ಒತ್ತಿದ ಚಾ ಸೊಪ್ಪನ್ನು ತುಂಬ ಹೊತ್ತು ಕುದಿಸಿ, ಉಪ್ಪು, ಬೆಣ್ಣೆ, ಹಾಲು ಹಾಕಿ ಕಡೆಯುತ್ತಾರೆ. ಟಿಬೆಟಿನಲ್ಲಿ ಉದ್ದ ಮರದ ಕೊಳವೆಯಲ್ಲಿ ಕಡೆಯುವುದು, ದೊಂಗ್ಮೋ ಅಂತ. ಅಮ್ಮನ ಬಳಿ ಅದು ಗೋಡೆಗೆ ಒರಗಿಸಿಟ್ಟಿತ್ತು, ಹಿತ್ತಾಳೆ ಪಟ್ಟಿ ಹೊಳೆಯುತ್ತಿತ್ತು. ದಿನದ ಕೆಲಸಕ್ಕೆ ಮಿಕ್ಸಿ. ನಾನು ಮತ್ತು ನಮ್ಮನೆಯವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆವು. ಮಾವ ಪೂರ್ತಿ ಕುಡಿದರು. "ಇದು ಚಾ ಅಲ್ಲ ತಂಗಿ, ಸಾರು. ಹಾಂಗೆ ತಿಳ್ಕಂಡು ಕುಡಿ" ಅಂತ ಮೊಮ್ಮಗಳಿಗೆ ಹೇಳಿದರು. ನಾನೂ ಹಾಗೆ ತಿಳಿದು ಮತ್ತೆ ಲೋಟ ಎತ್ತಿದೆ. ಮಾವ ಹೇಳಿದ್ದು ಸರಿ. ಉಪ್ಪು, ಬೆಣ್ಣೆ, ಚಾದ ಒಗರು ಮೂರೂ ಅದರ ಅದರ ಜಾಗದಲ್ಲಿ ಕೂತವು.

ಮಗಳು ಕೇಳಿದಳು, "ಇದು ಯಾಕ್ ಬೆಣ್ಣೆನಾ?" ಅಮ್ಮ ಜೋರಾಗಿ ನಕ್ಕರು. ಅಜ್ಜಿಯರಿಗೂ ಟಿಬೆಟನ್ನಿನಲ್ಲಿ ಹೇಳಿದರು, ಅವರೂ ನಕ್ಕರು. ಯಾಕ್ ಅಂದರೆ ಟಿಬೆಟಿನ ಉದ್ದ ಕೂದಲಿನ ದನಗಳಲ್ಲಿ ಗಂಡು. ಹಾಲು ಕೊಡುವ ಹೆಣ್ಣಿಗೆ ದ್ರಿ ಅನ್ನಬೇಕು. ಯಾಕ್ ಬೆಣ್ಣೆ ಅಂದರೆ ಎತ್ತಿನ ಬೆಣ್ಣೆ ಅಂದ ಹಾಗೆ. ಇಲ್ಲಿ ದ್ರಿಯೂ ಇಲ್ಲ, ಮುಂಡಗೋಡ ಪೇಟೆಯ ಪ್ಯಾಕೆಟ್ ಬೆಣ್ಣೆ. ಟಿಬೆಟಿನ ದಿನನಿತ್ಯದ ಊಟ ತ್ಸಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು. ಬಾರ್ಲಿ ಈ ನೆಲದಲ್ಲಿ ಬೆಳೆಯುವುದಿಲ್ಲ. ಇವರು ಇಲ್ಲಿ ಗೋವಿನಜೋಳ ಬೆಳೆದರು, ಭತ್ತ ಬೆಳೆದರು, ಊಟವನ್ನು ಅದಕ್ಕೆ ತಕ್ಕ ಹಾಗೆ ಬದಲಿಸಿಕೊಂಡರು.

"ನೀವು ಲಾಸಾ ಕಡೆಯವರಾ?" ಅಂತ ನಾನು ಕೇಳಿದೆ. "ನಾ ಇಲ್ಲೇ ಹುಟ್ಟೀನ್ರಿ" ಅಂದರು. "ನಮ್ಮವ್ವ ಅಲ್ಲಿಂದ ನಡಕೊಂಡು ಬಂದಾಕಿ. ನಾ ಟಿಬೆಟ್ ನೋಡಿಲ್ರಿ. ಈ ಅಡಗಿ ಎಲ್ಲಾ ಅವ್ವ ಹೇಳಿಕೊಟ್ಟಿದ್ದು." ಆಮೇಲೆ ಸ್ವಲ್ಪ ಹೊತ್ತು ಪಾತ್ರೆ ಉಜ್ಜಿದರು. ಮತ್ತೆ ಹೇಳಿದರು, "ಅವ್ವ ಇಲ್ಲೀ ಮೂಲಂಗಿ ತಿಂದು ಪ್ರತೀ ಸಲ ಅಂತಿದ್ಲು, ಅಲ್ಲೀ ಮೂಲಂಗಿ ಇನ್ನಾ ಸಿಹಿ ಇತ್ತು ಅಂತ."

ನಾನು ಆ ಸಾರನ್ನು ಮತ್ತೊಂದು ಸಲ ಹಾಕಿಸಿಕೊಂಡೆ.

ನನ್ನ ಮಗಳು ಬೆಂಗಳೂರಿನಲ್ಲಿ ಹುಡುಕುತ್ತಿರುವುದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಗೋಡೆಗೆ ಅಂಟಿಸಿದ ದೇಶ ಅವಳಿಗೂ ಸಾಕಾಗಿದೆ. ಇಲ್ಲಿ ಯಾರೂ ನಮಗಾಗಿ ಟಿಬೆಟ್ ಕಟ್ಟಿಲ್ಲ. ಅವರು ತಮ್ಮ ಮಕ್ಕಳಿಗೆ ಮರೆಯದಿರಲಿ ಅಂತ ಕಟ್ಟಿಕೊಂಡಿದ್ದಾರೆ. ನಾವು ಹೋಗಿ ಒಂದು ಮೇಜಿನಲ್ಲಿ ಕೂರಬಹುದು, ಅಷ್ಟೇ. ಆದ್ದರಿಂದಲೇ ಹೋಗುವವರು ಸ್ವಲ್ಪ ಎಚ್ಚರದಲ್ಲಿರಿ. ಗೊಂಪಾದ ಒಳಗೆ ಚಪ್ಪಲಿ ಬಿಡಿ, ಪ್ರಾರ್ಥನೆಯ ಚಕ್ರಗಳನ್ನು ನಮ್ಮ ಪ್ರದಕ್ಷಿಣೆಯ ದಿಕ್ಕಿನಲ್ಲೇ ತಿರುಗಿಸಿ, ಅಜ್ಜಿಯರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಬಣ್ಣದ ಬಾವುಟಗಳು ಚಂದ ಕಾಣುತ್ತವೆ ಅಂತ ಕಿತ್ತು ತರುವವರೂ ಇದ್ದಾರಂತೆ. ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ. ನಮ್ಮ ಪಂಚಭೂತಗಳೇ ಅಲ್ವಾ? ಹಾಗೆ ತಿಳಿದರೆ ಯಾರಿಗೂ ಕೀಳುವ ಮನಸ್ಸು ಬರಲಿಕ್ಕಿಲ್ಲ.

ನಮ್ಮ ಜಿಲ್ಲೆಯಲ್ಲಿ ದೂರದೇಶ ನೆನಪಿಸುವ ಬೇರೆ ಜಾಗಗಳೂ ಇವೆ, ಮಗಳಿಗೆ ಅವನ್ನೂ ತೋರಿಸಿದ್ದೇನೆ. ಗೋಕರ್ಣದ ಕುಡ್ಲೆ ತೀರದಲ್ಲಿ ಇಸ್ರೇಲಿನ ಹುಡುಗ ಹುಡುಗಿಯರು ಮಿಲಿಟರಿ ಸೇವೆ ಮುಗಿಸಿ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅಲ್ಲಿಯ ಗುಡಿಸಲು ಕೆಫೆಗಳಲ್ಲಿ ಹಮ್ಮಸ್, ಶಕ್ಷುಕಾ ಸಿಗುತ್ತದೆ. ಒಂದು ಕಡೆ ಹಮ್ಮಸ್ ತುಂಬ ಚೆನ್ನಾಗಿತ್ತು, ಆದರೆ ಮೂವರು ಸೇರಿ ಒಂದೇ ಪ್ಲೇಟ್ ಹೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರು. ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗು ಇದೆ. ಆಗಿನ ಸೋವಿಯತ್ ರಷ್ಯಾದಲ್ಲಿ ಕಟ್ಟಿದ್ದು. 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಪಕ್ಕದಲ್ಲಿ ಈಗ ಟುಪೊಲೆವ್ ವಿಮಾನವೂ ಬಂದಿದೆ. ಅದೂ ಅಲ್ಲಿಯದೇ. 29 ವರ್ಷ ಸಮುದ್ರ ಕಾದು 2017ರಲ್ಲಿ ಇಳಿದದ್ದು. ಮಕ್ಕಳಿರುವವರು ಖಂಡಿತ ಹೋಗಿ. ಪೂರ್ವಜರು ಆಫ್ರಿಕಾದಿಂದ ಬಂದ ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ನೋಡಲು ಹೋಗೋಣ, ಆಫ್ರಿಕಾ ನೋಡಿದ ಹಾಗಾಗುತ್ತದೆ ಅಂತ ಮಗಳ ಗೆಳತಿಯೊಬ್ಬಳು ಹೇಳಿದಳಂತೆ. ನಾನು ಬೇಡ ಅಂದೆ. ಅವರು ನಮ್ಮ ಊರಿನವರು. ನಮ್ಮ ತೋಟದಲ್ಲಿ ಕೊನೆ ಕೊಯ್ದವರು, ನಮ್ಮ ಮಕ್ಕಳ ಜೊತೆ ಶಾಲೆಗೆ ಹೋದವರು. ಪರಿಚಯ ಇದ್ದರೆ ಮನೆಗೆ ಹೋಗಬೇಕು. ಸುಮ್ನೆ ನೋಡಲು ಹೋಗುವುದು ಸರಿಯಲ್ಲ.

ಈ ಹೋಟೆಲಿನ ಕೊರತೆಯನ್ನೂ ಹೇಳಬೇಕು. ತಡ ಆಗುತ್ತದೆ. ನಾವು ನಲವತ್ತು ನಿಮಿಷ ಕಾದೆವು. ಹಸಿದು ಹೋದರೆ ಕಷ್ಟ, ಮಕ್ಕಳಿದ್ದರೆ ಬಿಸ್ಕತ್ತು ಇಟ್ಟುಕೊಳ್ಳಿ. ಕೈ ತೊಳೆಯುವ ಜಾಗ ಹೊರಗಿದೆ, ಎರಡು ಮೆಟ್ಟಿಲು ಎತ್ತರ, ಮಾವನಿಗೆ ನಾನು ಕೈ ಹಿಡಿಯಬೇಕಾಯಿತು. ಬೆಳ್ಳುಳ್ಳಿ ಬಿಟ್ಟವರಿಗೆ ಸಿಗುವುದು ತೆಂತುಕ್, ಟಿಂಗ್ಮೋ, ಬೆಣ್ಣೆ ಚಾ ಅಷ್ಟೇ. ಮೊಮೊ, ಲಾಫಿಂಗ್ ಎರಡರಲ್ಲೂ ಬೆಳ್ಳುಳ್ಳಿ ಇದೆ. ಫೋನ್ ಪೇ ಇದೆ, ಆದರೆ ನೆಟ್‌ವರ್ಕ್ ಕೈಕೊಡುತ್ತದೆ, ನಗದು ಇರಲಿ. ನಾಲ್ಕು ಜನಕ್ಕೆ ಹೊಟ್ಟೆ ತುಂಬ ತಿಂದು, ನಾಲ್ಕು ಟಿಂಗ್ಮೋ ಕಟ್ಟಿಸಿಕೊಂಡು, ನಾವು ಕೊಟ್ಟದ್ದು 560 ರೂಪಾಯಿ.

ಕಾರಿಲ್ಲದವರಿಗೆ ಶಿರಸಿಯಿಂದ ಮುಂಡಗೋಡದ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸುಗಳಿವೆ, ಮುಂಡಗೋಡದಿಂದ ಆಟೋ. ಲೋಸಾರ್ ಅಂದರೆ ಅವರ ಹೊಸ ವರ್ಷ, ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುತ್ತದೆ, ಆಗ ಈ ಹೋಟೆಲ್ ಮುಚ್ಚಿರುತ್ತದೆ. ನವೆಂಬರಿನಿಂದ ಜನವರಿವರೆಗೂ ಇರುವುದಿಲ್ಲ. ಆಗ ಮನೆಯವರೆಲ್ಲ ಸ್ವೆಟರ್ ಮಾರಲು ಹೊರಡುತ್ತಾರಂತೆ. ಎಲ್ಲಿಗೆ ಅಂತ ಕೇಳಿದೆ. ಒಂದೊಂದು ವರ್ಷ ಒಂದೊಂದು ಊರು, ಅವರ ಅವ್ವ ಇದ್ದಾಗ ಶಿರಸಿಗೂ ಬರುತ್ತಿದ್ದರಂತೆ. ನನ್ನ ಮೆರೂನ್ ಸ್ವೆಟರಿನ ಕಥೆ ಹೇಳಿದೆ. "ಮೆರೂನ್ ಭಾಳ ಹೋಗ್ತಿತ್ತು" ಅಂದರು.

ಹೊರಡುವಾಗ ಮಾವನ ಕೈಗೆ ಇನ್ನೊಂದು ಲೋಟ ಬೆಣ್ಣೆ ಚಾ ಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಊರು ಶಿರಸಿ ಕಡೆ ಅಂತ ಗೊತ್ತಾದ ಮೇಲೆ ಒಂದೇ ಒಂದು ಕೇಳಿದರು. "ಅಪ್ಪೆಮಿಡಿ ಉಪ್ಪಿನಕಾಯಿ ತರ್ತೀರೇನ್ರಿ? ಟಿಂಗ್ಮೋ ಜೋಡಿ ಭಾಳ ಚಲೋ ಹತ್ತತೈತಿ."

ಮಾರನೇ ದಿನ ಬೆಳಿಗ್ಗೆ ಕಟ್ಟಿ ತಂದಿದ್ದ ಟಿಂಗ್ಮೋವನ್ನು ಇಡ್ಲಿ ಅಟ್ಟದಲ್ಲಿಟ್ಟು ಬಿಸಿ ಮಾಡಿದೆ. ಹೋದ ವರ್ಷದ ಭರಣಿಯ ತಳದಲ್ಲಿ ಉಳಿದಿದ್ದ ಮಿಡಿ ತೆಗೆದು ಬಡಿಸಿದೆ. ಅಮ್ಮ ಹೇಳಿದ್ದು ನಿಜ. ಈ ವರ್ಷದ ಮಿಡಿ ಈಗ ಉಪ್ಪಿನಲ್ಲಿದೆ, ಇನ್ನೂ ಚಿರುಟಬೇಕು. ಮಳೆಗಾಲಕ್ಕೆ ಖಾರ ಬೆರೆಸಿ, ಒಂದು ದೊಡ್ಡ ಬಾಟಲಿ ಬೇರೆ ತೆಗೆದಿಡುತ್ತೇನೆ. ನವೆಂಬರಿನ ಒಳಗೆ ಮುಟ್ಟಿಸಬೇಕು.